ಚುಚ್ಚು ಆಭರಣ: ಹೊಳಪಿಗಿಂತ ಲೋಹ ಮುಖ್ಯ

ಓಲೆ, ಮೂಗುಬೊಟ್ಟುಗಳ ತಯಾರಕರಲ್ಲಿ ಹಲವರು ಲೇಪನದ ಹೊಳಪಿಗೆ ನೀಡುವ ಗಮನವನ್ನು ಚರ್ಮವನ್ನು ಹಾದುಹೋಗುವ ಕಡ್ಡಿಗೆ ನೀಡುತ್ತಿಲ್ಲ. ಲೇಪನ ಸವೆದೊಡನೆ ಅಡಿಯ ನಿಕಲ್ ಚರ್ಮಕ್ಕೆ ತಾಗುತ್ತದೆ. ಒಮ್ಮೆ ತಗುಲಿದ ನಿಕಲ್ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ.

'ಸರ್ಜಿಕಲ್ ಸ್ಟೀಲ್' ಎಂಬ ಹೆಸರೊಂದೇ ಭರವಸೆಯಲ್ಲ. 316ಎಲ್ ಉಕ್ಕಿನಲ್ಲಿಯೂ ಶೇ. 10ರಿಂದ 14ರಷ್ಟು ನಿಕಲ್ ಇರುತ್ತದೆ. ಆದರೆ ಲೋಹದಲ್ಲಿರುವ ನಿಕಲ್‌ಗಿಂತ ಹೊರಬರುವ ನಿಕಲ್ ಮುಖ್ಯ. ಐರೋಪ್ಯ ಒಕ್ಕೂಟವು 2004ರಲ್ಲಿ ಚುಚ್ಚುಕಡ್ಡಿಗಳಿಗೆ ಇದನ್ನೇ ಮಾನದಂಡವಾಗಿಸಿತು: ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಕಡಿಮೆ.

ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ದುಬಾರಿಯಾದರೂ ಕಡ್ಡಿಗೆ ಬೇಕಾಗುವುದು ಅತ್ಯಲ್ಪ. ಉಕ್ಕನ್ನೇ ಬಳಸುವವರು ಲೋಹದ ಪ್ರಮಾಣಪತ್ರವನ್ನೂ ಪ್ರಯೋಗಾಲಯದ ವರದಿಯನ್ನೂ ಪಡೆದಿರಬೇಕು. ಪರೀಕ್ಷೆಯ ವೆಚ್ಚ ಉಳಿಸಿ ಗ್ರಾಹಕರ ವಿಶ್ವಾಸ ಕಳೆದುಕೊಳ್ಳುವುದು ವ್ಯಾಪಾರಕ್ಕೆ ಶೋಭೆಯಲ್ಲ, ಲಾಭವೂ ಅಲ್ಲ.