ಕೆಂಪು ಗೆರೆಯ ಲೆಕ್ಕ

ಹೊಸದಾಗಿ ದೊಡ್ಡ ಬೈಕು ಕೊಂಡ ಹುಡುಗರು ನನ್ನಂಥ ವಿಜ್ಞಾನದ ಮೇಷ್ಟರು ಸಿಕ್ಕರೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಸಾರ್, ಇದನ್ನ ಎಷ್ಟು ಆರ್‌ಪಿಎಂ ತನಕ ಎಳೀಬಹುದು?’ ಅವರ ತಂದೆಯರ ಪ್ರಶ್ನೆ ಬೇರೆ: ‘ಅಷ್ಟು ಜೋರಾಗಿ ಕೂಗಿಸಿದ್ರೆ ಎಂಜಿನ್ ಹಾಳಾಗೋದಿಲ್ವೇ ಮೇಷ್ಟ್ರೇ?’ ಮಗನಿಗೆ ಮಿತಿಯ ತನಕ ಹೋಗುವ ಆಸೆ, ತಂದೆಗೆ ಅದರ ಹತ್ತಿರ ಸುಳಿಯಲೂ ಭಯ. ಇಬ್ಬರೂ ಆ ಮಿತಿ ಯಾಕಿದೆ ಎಂದು ಮಾತ್ರ ಕೇಳುವುದಿಲ್ಲ. ಅದನ್ನು ತಿಳಿಯಲು ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ನಮ್ಮ ಕಾಲದಲ್ಲಿ ದೊಡ್ಡ ಗಾಡಿ ಎಂದರೆ ಒಂದು ಬುಲೆಟ್ 350, ಇಲ್ಲವೇ 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ 250 ಸಿಸಿಯ ಜಾವಾ, ಯೆಜ್ಡಿ. ಆಗ ಸವಾರನ ಕಿವಿಯೇ ಆರ್‌ಪಿಎಂ ಮೀಟರು. ಈಗ 8 ಅಶ್ವಶಕ್ತಿಯ ಆಸುಪಾಸಿನ 100 ಸಿಸಿ ಗಾಡಿಯಲ್ಲಿ ಕಾಲೇಜು ಮುಗಿಸಿದ ಹುಡುಗ ಕೆಲಸ ಸಿಕ್ಕಿದ ಮೇಲೆ ಒಮ್ಮೆಲೇ 47 ಅಶ್ವಶಕ್ತಿಯ 650 ಸಿಸಿ ಗಾಡಿಯ ಮೇಲೆ ಕೂರುತ್ತಾನೆ. ಎದುರಿಗೆ ದುಂಡನೆಯ ಮೀಟರು, ಅದರ ಕೊನೆಯಲ್ಲಿ ಕೆಂಪು ಗೆರೆ.

ಆರ್‌ಪಿಎಂ ಎಂದರೆ ಎಂಜಿನ್ನಿನ ಕ್ರ್ಯಾಂಕು ಒಂದು ನಿಮಿಷದಲ್ಲಿ ಸುತ್ತುವ ಸುತ್ತುಗಳ ಸಂಖ್ಯೆ. 6000 ಎಂದರೆ ಸೆಕೆಂಡಿಗೆ 100 ಸುತ್ತು. ಕ್ರ್ಯಾಂಕೇನೋ ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ಪಾಪದ ಪಿಸ್ಟನ್ನಿಗೆ ಆ ಭಾಗ್ಯವಿಲ್ಲ. ಅದು ಮೇಲೆ ಹೋಗಿ ನಿಲ್ಲಬೇಕು, ಕೆಳಗೆ ಬಂದು ನಿಲ್ಲಬೇಕು. ಸೆಕೆಂಡಿಗೆ 200 ಸಲ ನಿಂತು, 200 ಸಲ ಮತ್ತೆ ಹೊರಡಬೇಕು.

ಒನಕೆ ಹಿಡಿದು ಕುಟ್ಟಿದವರಿಗೆ ಇದು ಗೊತ್ತು. ಒನಕೆಯ ತೂಕಕ್ಕಿಂತ ಹೆಚ್ಚಾಗಿ, ಮೇಲೆ ಹೋಗುತ್ತಿರುವುದನ್ನು ತಡೆದು ಕೆಳಗೆ ತಿರುಗಿಸುವ ಕ್ಷಣ ತೋಳನ್ನು ದಣಿಸುತ್ತದೆ. ಕುಟ್ಟುವ ವೇಗ ಹೆಚ್ಚಿಸಿದರೆ ತೋಳಿನ ಸೆಳೆತ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು.

ಒಂದು ನಿಜವಾದ ಎಂಜಿನ್ನಿಗೆ ಲೆಕ್ಕ ಹಾಕೋಣ. 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ಯಲ್ಲಿ ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕು, 85.8 ಮಿಲಿಮೀಟರು. ಅದರ ಗರಿಷ್ಠ ಶಕ್ತಿ 20.2 ಅಶ್ವಶಕ್ತಿ, 6100 ಆರ್‌ಪಿಎಂನಲ್ಲಿ. ಆ ವೇಗದಲ್ಲಿ ಪಿಸ್ಟನ್ ತುತ್ತತುದಿಯಲ್ಲಿ ದಿಕ್ಕು ಬದಲಿಸುವಾಗ ಅದರ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 2200 ಪಟ್ಟು ಆಗುತ್ತದೆ. ಪಿಸ್ಟನ್ನು, ಪಿನ್ನು, ಉಂಗುರಗಳು ಎಲ್ಲ ಸೇರಿ 300 ಗ್ರಾಂ ಎಂದಿಟ್ಟುಕೊಳ್ಳಿ. ಅದನ್ನು ಹಿಡಿದ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ಸುಮಾರು 650 ಕಿಲೋ, ಹದಿಮೂರು ಮೂಟೆ ಸಿಮೆಂಟನ್ನು ಅದಕ್ಕೆ ತೂಗುಹಾಕಿದಂತೆ. ಹೊಗೆ ಹೊರಹೋಗುವ ಹೊಡೆತದ ಕೊನೆಯಲ್ಲಿ ಸಿಲಿಂಡರಿನಲ್ಲಿ ಅನಿಲದ ಒತ್ತಡವೂ ಇರದ ಕಾರಣ ಈ ಎಳೆತವನ್ನು ರಾಡು ಒಂದೇ ತಡೆಯಬೇಕು.

ಹಾಗಾದರೆ ಒಂದು ಎಂಜಿನ್ನು 6000ಕ್ಕೆ ಸುಸ್ತಾದರೆ ಇನ್ನೊಂದು 11,000ದ ತನಕ ಹೇಗೆ ಓಡುತ್ತದೆ? ಮಗುವನ್ನು ಕೈಹಿಡಿದು ಜಾತ್ರೆಗೆ ಕರೆದೊಯ್ಯುವಾಗ ನೋಡಿ. ದೊಡ್ಡವರು ಒಂದು ಹೆಜ್ಜೆ ಇಡುವಷ್ಟರಲ್ಲಿ ಮಗು ಎರಡು ಹೆಜ್ಜೆ ಇಡುತ್ತದೆ, ಆದರೆ ಇಬ್ಬರ ನಡಿಗೆಯ ವೇಗ ಒಂದೇ. ಎಂಜಿನ್ನುಗಳೂ ಹಾಗೆಯೇ. ಸ್ಟ್ರೋಕನ್ನು ಎರಡರಿಂದ ಗುಣಿಸಿ, ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸಿಗುತ್ತದೆ. ಕ್ಲಾಸಿಕ್ 350ಗೆ 6100ರಲ್ಲಿ ಅದು ಸೆಕೆಂಡಿಗೆ 17.4 ಮೀಟರು. ಇಂಟರ್‌ಸೆಪ್ಟರ್ 650ಯ ಸ್ಟ್ರೋಕು 67.8 ಮಿಲಿಮೀಟರು; 7000 ದಾಟಿ ಅದು ಗರಿಷ್ಠ ಶಕ್ತಿ ಕೊಡುವಾಗ ಪಿಸ್ಟನ್ನಿನ ವೇಗ 16 ಮೀಟರಿಗೆ ಸ್ವಲ್ಪ ಮೇಲೆ. ಕವಾಸಾಕಿ ನಿಂಜಾ 300ರ ಸ್ಟ್ರೋಕು ಬರೀ 49 ಮಿಲಿಮೀಟರು. 11,000ದಲ್ಲಿ ಅದರ ವೇಗ 18 ಮೀಟರು. ಮೀಟರಿನ ಅಂಕಿಗಳು ಅಜಗಜಾಂತರ, ಪಿಸ್ಟನ್ನುಗಳ ಓಟ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಗೆಳೆಯನ ಗಾಡಿ ಹನ್ನೊಂದು ಸಾವಿರ ಮುಟ್ಟುತ್ತದೆ, ನನ್ನದು ಮುಟ್ಟುವುದಿಲ್ಲ ಎಂದು ಕೊರಗಬೇಕಾಗಿಲ್ಲ. ಅವನದು ಗಿಡ್ಡ ಕಾಲಿನ ಎಂಜಿನ್ನು, ಅಷ್ಟೆ.

ಇನ್ನೊಂದು ಮಿತಿ ವಾಲ್ವುಗಳದು. ವಾಲ್ವನ್ನು ತೆರೆಯುವುದು ಕ್ಯಾಮು, ಮುಚ್ಚುವುದು ಸ್ಪ್ರಿಂಗು. ವೇಗ ಮಿತಿಮೀರಿದರೆ ಸ್ಪ್ರಿಂಗಿಗೆ ವಾಲ್ವನ್ನು ಸಮಯಕ್ಕೆ ಸರಿಯಾಗಿ ಮುಚ್ಚಲು ಆಗುವುದಿಲ್ಲ. ತೆರೆದೇ ಉಳಿದ ವಾಲ್ವಿನ ತಲೆಗೆ ಮೇಲೆ ಬಂದ ಪಿಸ್ಟನ್ನು ಗುದ್ದಿದರೆ ರಿಪೇರಿಯ ಬಿಲ್ಲು ಐದಂಕಿ ದಾಟುತ್ತದೆ. ಇಟಲಿಯ ಡುಕಾಟಿ ಕಂಪನಿಯ ಎಂಜಿನಿಯರ್ ಫ್ಯಾಬಿಯೊ ಟಾಲಿಯೋನಿ 1956ರ ತಮ್ಮ ರೇಸಿಂಗ್ ಗಾಡಿಯಲ್ಲಿ ಸ್ಪ್ರಿಂಗಿನ ಭರವಸೆಯನ್ನೇ ಬಿಟ್ಟು, ವಾಲ್ವನ್ನು ಮುಚ್ಚುವುದಕ್ಕೂ ಒಂದು ಕ್ಯಾಮನ್ನು ಕೊಟ್ಟದ್ದು ಈ ತೊಂದರೆಗಾಗಿಯೇ.

ಇಷ್ಟೆಲ್ಲ ಅಪಾಯವಿದ್ದರೂ ಹೊಸ ಗಾಡಿಗಳಲ್ಲಿ ಕಾವಲುಗಾರನೊಬ್ಬನಿದ್ದಾನೆ. ಕೆಂಪು ಗೆರೆಯ ಆಸುಪಾಸಿನಲ್ಲಿ ಗಾಡಿಯ ಕಂಪ್ಯೂಟರು ಪೆಟ್ರೋಲನ್ನೋ ಕಿಡಿಯನ್ನೋ ಕತ್ತರಿಸುತ್ತದೆ. ಎಂಜಿನ್ನು ತೊದಲುತ್ತದೆ, ಮುಂದೆ ಏರುವುದಿಲ್ಲ. ಇದಕ್ಕೆ ರೆವ್ ಲಿಮಿಟರ್ ಎಂದು ಹೆಸರು. ಇದನ್ನು ತಿಳಿದ ಹುಡುಗ, ‘ಹಾಗಾದ್ರೆ ನಾನು ಏನು ಮಾಡಿದ್ರೂ ಎಂಜಿನ್ ಸೇಫ್’ ಎಂದುಕೊಳ್ಳುತ್ತಾನೆ. ಮೋಸ ಹೋಗುವುದು ಇಲ್ಲೇ.

ಬ್ಯಾಟರಿ ಕೈಕೊಟ್ಟಾಗ ಗಾಡಿಯನ್ನು ತಳ್ಳಿ, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು ಸ್ಟಾರ್ಟ್ ಮಾಡುತ್ತೇವಲ್ಲ, ಆಗ ಎಂಜಿನ್ನನ್ನು ತಿರುಗಿಸುವುದು ಯಾವುದು? ಹಿಂದಿನ ಚಕ್ರ. ಎಂಜಿನ್ನಿಗೂ ಚಕ್ರಕ್ಕೂ ನಡುವಿನ ದಾರಿಯಲ್ಲಿ ಎರಡು ಕಡೆಯಿಂದಲೂ ಓಡಾಡಬಹುದು. ಕಾವಲುಗಾರ ನಿಂತಿರುವುದು ಪೆಟ್ರೋಲಿನ ಬಾಗಿಲಲ್ಲಿ ಮಾತ್ರ. ಚಕ್ರದ ಕಡೆಯಿಂದ ಬರುವ ತಿರುಗುವಿಕೆಯನ್ನು ಅವನು ತಡೆಯಲಾರ. ಅದನ್ನು ತಡೆಯಬೇಕಾದ್ದು ಸವಾರನ ಎಡಗಾಲು.

ಈಗ ಗೇರುಗಳ ಲೆಕ್ಕ. ಲೆಕ್ಕ ಸುಲಭವಾಗಲೆಂದು 650 ಸಿಸಿಯ ಒಂದು ಕಲ್ಪನೆಯ ಗಾಡಿಯನ್ನು ತೆಗೆದುಕೊಳ್ಳೋಣ. ಹಿಂದಿನ ಚಕ್ರದ ಸುತ್ತಳತೆ 2 ಮೀಟರು, ಕೆಂಪು ಗೆರೆ 7500. ಗಂಟೆಗೆ 60 ಕಿಲೋಮೀಟರು ಎಂದರೆ ನಿಮಿಷಕ್ಕೆ 1000 ಮೀಟರು, ಅಂದರೆ ಚಕ್ರ ನಿಮಿಷಕ್ಕೆ 500 ಸುತ್ತು. ಚಕ್ರದ ಒಂದು ಸುತ್ತಿಗೆ ಎಂಜಿನ್ನು ಮೊದಲ ಗೇರಿನಲ್ಲಿ 13 ಸುತ್ತು, ಎರಡರಲ್ಲಿ 9, ಮೂರರಲ್ಲಿ 6.6, ನಾಲ್ಕರಲ್ಲಿ 5.2, ಐದರಲ್ಲಿ 4.5, ಆರರಲ್ಲಿ 4 ಸುತ್ತು ತಿರುಗುತ್ತದೆ ಎನ್ನೋಣ. 60ರ ವೇಗದಲ್ಲಿ ಎಂಜಿನ್ನು ಮೊದಲ ಗೇರಿನಲ್ಲಿ 6500, ಎರಡರಲ್ಲಿ 4500, ಮೂರರಲ್ಲಿ 3300, ಆರರಲ್ಲಿ 2000.

ನಮ್ಮ ಪೇಟೆಗಳಲ್ಲಿ ಓಡಾಡುವ ಹಲವು 100 ಸಿಸಿ ಗಾಡಿಗಳಲ್ಲಿ ನಾಲ್ಕು ಗೇರುಗಳನ್ನೂ ಮುಂಗಾಲಿನಿಂದ ಕೆಳಗೆ ಒತ್ತಿಯೇ ಏರಿಸಬೇಕು. ದೊಡ್ಡ ಬೈಕುಗಳಲ್ಲಿ ಹಾಗಲ್ಲ: ಮೊದಲ ಗೇರು ಕೆಳಕ್ಕೆ, ಮಿಕ್ಕಿದ್ದೆಲ್ಲ ಮೇಲಕ್ಕೆ. ಐದಾರು ವರ್ಷ ಒಂದು ರೀತಿ ಪಳಗಿದ ಕಾಲಿಗೆ ತಲೆಯ ಮಾತು ತಕ್ಷಣ ಕೇಳುವುದಿಲ್ಲ. ಹೊಸ ಸವಾರ ಖಾಲಿ ಹೆದ್ದಾರಿಯಲ್ಲಿ ಎರಡನೆಯ ಗೇರಿನಲ್ಲಿ 90ರ ತನಕ ಎಳೆದ ಎನ್ನಿ. ಚಕ್ರ 750 ಸುತ್ತು, ಎಂಜಿನ್ನು 6750. ಇಲ್ಲಿಯತನಕ ತಪ್ಪಿಲ್ಲ. ಈಗ ಮೂರಕ್ಕೆ ಹೋಗಲು ಹಳೆಯ ಅಭ್ಯಾಸದಂತೆ ಕೆಳಗೆ ಒತ್ತುತ್ತಾನೆ, ಕ್ಲಚ್ಚು ಬಿಡುತ್ತಾನೆ. ಗಾಡಿ ಮೊದಲ ಗೇರಿಗೆ ಬಿತ್ತು. 750ನ್ನು 13ರಿಂದ ಗುಣಿಸಿದರೆ 9750!

ಕೆಂಪು ಗೆರೆಯ ಮೇಲೆ 2250 ಸುತ್ತು. ವರ್ಗದ ಲೆಕ್ಕ ಹಾಕಿದರೆ ಪಿಸ್ಟನ್ನಿನ ಸೆಳೆತ ಗೆರೆಯಲ್ಲಿದ್ದುದರ 1.7 ಪಟ್ಟು. ಎಂಜಿನ್ನಿನ ಮಾತು ಹಾಗಿರಲಿ, ಒಮ್ಮೆಲೇ ಅಷ್ಟು ವೇಗ ಏರಲು ಒಲ್ಲದ ಎಂಜಿನ್ನು ಚಕ್ರವನ್ನು ಹಿಡಿದೆಳೆಯುತ್ತದೆ. ಚಕ್ರ ಜಾರುತ್ತದೆ. ಮಳೆ ಬಿದ್ದ ರಸ್ತೆಯಾದರೆ, ತಿರುವಾದರೆ, ಕೆಳಗೆ ಬೀಳುವುದು ಸವಾರ. ಈಚಿನ ಹಲವು ಗಾಡಿಗಳಲ್ಲಿ ಇಂಥ ಹಿಮ್ಮುಖ ಎಳೆತಕ್ಕೆ ಸ್ವಲ್ಪ ಜಾರಿಕೊಡುವ ಸ್ಲಿಪ್ಪರ್ ಕ್ಲಚ್ಚು ಇದೆ. ಅದು ಸಣ್ಣ ತಪ್ಪನ್ನು ಮನ್ನಿಸೀತು, ಇಷ್ಟು ದೊಡ್ಡದನ್ನಲ್ಲ.

ಇದನ್ನು ಕೇಳಿದ ತಂದೆಯರು, ‘ಅದಕ್ಕೇ ನಾನು ಹೇಳೋದು, ಮೇಲಿನ ಗೇರಲ್ಲಿ ನಿಧಾನವಾಗಿ ಹೋಗು ಅಂತ’ ಎನ್ನುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಆರನೆಯ ಗೇರಿನಲ್ಲಿ 40ರ ವೇಗಕ್ಕೆ ನಮ್ಮ ಗಾಡಿಯ ಎಂಜಿನ್ನು 1333 ಸುತ್ತಿನಲ್ಲಿರುತ್ತದೆ, ನಿಂತಲ್ಲಿ ಗುಟುಗುಟು ಎನ್ನುವಾಗಿನ ವೇಗಕ್ಕೆ ಹತ್ತಿರ. ಆಗ ಎಕ್ಸಲರೇಟರ್ ತಿರುಚಿದರೆ ಗಾಡಿ ನಡುಗುತ್ತದೆ, ಚೈನು ಕಟಕಟಿಸುತ್ತದೆ. ತುಂಬಿದ ಎತ್ತಿನ ಗಾಡಿಗೆ ಎಳೆಗರುವನ್ನು ಕಟ್ಟಿದಂತೆ.

ಎಂಜಿನ್ನಿಗಿಂತ ದೊಡ್ಡ ಅಪಾಯ ಓವರ್‌ಟೇಕಿನಲ್ಲಿದೆ. 60ರಲ್ಲಿ ಹೋಗುವ ಲಾರಿಯ ಹಿಂದೆ ಆರನೆಯ ಗೇರಿನಲ್ಲಿದ್ದೀರಿ. ಎಂಜಿನ್ನು 2000ದಲ್ಲಿದೆ. ಹಾಗೆಯೇ ಎಕ್ಸಲರೇಟರ್ ತಿರುಚಿದರೆ ಗಾಡಿ ಯೋಚಿಸಿ ಯೋಚಿಸಿ ಏಳುತ್ತದೆ, ಎದುರಿನ ಬಸ್ಸು ಅಷ್ಟರತನಕ ಕಾಯುವುದಿಲ್ಲ. ಮೊದಲೇ ಮೂರಕ್ಕೆ ಇಳಿಸಿಕೊಂಡರೆ ಎಂಜಿನ್ನು 3300ಕ್ಕೆ ಬರುತ್ತದೆ. ಎಂಜಿನ್ನಿನ ತಿರುಚುಬಲ ಅಷ್ಟೇ ಇದ್ದರೂ ಚಕ್ರಕ್ಕೆ ಸಿಗುವ ಬಲ 1.65 ಪಟ್ಟಾಗುತ್ತದೆ. 90 ಮುಟ್ಟುವಾಗ ಎಂಜಿನ್ನು ಇನ್ನೂ 4950ರಲ್ಲಿರುತ್ತದೆ. ಆ ಗೇರಿನಲ್ಲಿ ಕೆಂಪು ಗೆರೆ ಮುಟ್ಟಬೇಕಾದರೆ ಗಾಡಿ 136ರಲ್ಲಿ ಓಡಬೇಕು. ಕೂಗು ಕೇಳಿ ಹೆದರಿ ಅರ್ಧದಲ್ಲೇ ಗೇರು ಏರಿಸುವವನು ಲಾರಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇರುತ್ತಾನೆ. ಅದೇ ಅಪಾಯದ ಜಾಗ.

ಘಾಟಿ ಇಳಿಯುವಾಗಲೂ ಇದೇ ಪಾಠ. ಆಗುಂಬೆ, ಚಾರ್ಮಾಡಿ, ಶಿರಾಡಿ ಇಳಿಯುವಾಗ ಪೆಟ್ರೋಲು ಉಳಿಯಲೆಂದು ನ್ಯೂಟ್ರಲ್ಲಿಗೆ ಹಾಕಿ ಬಿಡುವವರಿದ್ದಾರೆ. 200 ಕಿಲೋ ಮೀರಿದ ಗಾಡಿಯ ಇಡೀ ಭಾರ ಆಗ ಬ್ರೇಕಿನ ಮೇಲೆ. ಬ್ರೇಕು ಕಾದಷ್ಟೂ ಹಿಡಿತ ಕಡಿಮೆ. ಎರಡು ಅಥವಾ ಮೂರನೆಯ ಗೇರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲಿನ ಚಿಂತೆಯೂ ಬೇಡ. ಇಂಜೆಕ್ಷನ್ ಗಾಡಿಗಳಲ್ಲಿ ಹೀಗೆ ಗೇರಿನಲ್ಲಿ ಇಳಿಯುವಾಗ ಪೆಟ್ರೋಲು ಸಾಮಾನ್ಯವಾಗಿ ಪೂರ್ತಿ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ನು ನಿಲ್ಲದಂತೆ ಸ್ವಲ್ಪ ಸುಡುತ್ತಲೇ ಇರುತ್ತದೆ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ಗೇರು ಇಳಿಸಿಕೊಳ್ಳಬೇಕು ಎಂಬುದೊಂದೇ ನಿಯಮ.

ಹೊಸ ಗಾಡಿ ತಂದವರು ಮೊದಲ ವಾರ ಮೂರು ಕೆಲಸ ಮಾಡಬಹುದು. ಒಂದು, ಗಾಡಿಯ ಜೊತೆ ಕೊಟ್ಟ ಪುಸ್ತಕ ಓದಿ. ಮೊದಲ ಕಿಲೋಮೀಟರುಗಳಲ್ಲಿ ಎಷ್ಟರ ಮೇಲೆ ಹೋಗಬಾರದೆಂದು ಅದರಲ್ಲಿ ಬರೆದಿರುತ್ತದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು, ಎಣ್ಣೆ ಬಿಸಿಯಾಗುವ ತನಕ ಮೀಟರಿನ ಅರ್ಧದ ಒಳಗೇ ಇಟ್ಟುಕೊಳ್ಳಿ. ಎರಡು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಕಣ್ಣುಮುಚ್ಚಿ ಗೇರಿನ ಲಿವರನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ. ಕೆಲವು ಗೇರು ಸುಲಭವಾಗಿ ಬೀಳದಿದ್ದರೆ ಹಿಂಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಏರಿಸುವುದು ಯಾವ ಕಡೆಗೆ, ಇಳಿಸುವುದು ಯಾವ ಕಡೆಗೆ ಎಂದು ಕಾಲಿಗೇ ಗೊತ್ತಾಗಬೇಕು. ಮೂರು, ನಿಮ್ಮ ಗಾಡಿಯದೇ ಒಂದು ಪಟ್ಟಿ ಮಾಡಿ. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಒಂದೊಂದು ಗೇರಿಗೂ ಮೀಟರು ಎಷ್ಟು ತೋರಿಸುತ್ತದೆಂದು ನೋಡಿ ಬರೆದುಕೊಳ್ಳಿ. ವೇಗ ಎರಡು ಪಟ್ಟಾದರೆ ಸುತ್ತೂ ಎರಡು ಪಟ್ಟು, ಆದ್ದರಿಂದ ಉಳಿದದ್ದನ್ನು ಮನೆಯಲ್ಲಿ ಕೂತು ತ್ರೈರಾಶಿಯಿಂದ ತುಂಬಿಸಬಹುದು. ಕ್ಲಾಸಿಕ್ 350ಯಂತೆ ಆರ್‌ಪಿಎಂ ಮೀಟರೇ ಇಲ್ಲದ ಗಾಡಿಯಾದರೆ ಕಿವಿಯನ್ನು ಪಳಗಿಸಿಕೊಳ್ಳಿ.

ಆ ಪಟ್ಟಿಯಲ್ಲಿ ನಿಜವಾಗಿ ನೆನಪಿಡಬೇಕಾದ್ದು ಎರಡೇ ಅಂಕಿ: ಎಷ್ಟು ವೇಗದ ಮೇಲೆ ಮೊದಲ ಗೇರಿಗೆ ಇಳಿಸಲೇಬಾರದು, ಎಷ್ಟರ ಮೇಲೆ ಎರಡಕ್ಕೆ ಇಳಿಸಬಾರದು. ನಮ್ಮ ಕಲ್ಪನೆಯ ಗಾಡಿಯಲ್ಲಿ ಮೊದಲ ಗೇರು ಕೆಂಪು ಗೆರೆ ಮುಟ್ಟುವುದು 69ರಲ್ಲಿ, ಎರಡನೆಯದು 100ರಲ್ಲಿ. ಗೆರೆಯಲ್ಲೇ ನಿಲ್ಲುವುದು ಬೇಡ. 40 ಮತ್ತು 70 ಎಂದು ಬರೆದು ಟ್ಯಾಂಕಿನ ಮೇಲೆ ಅಂಟಿಸಿಕೊಂಡರೂ ಅವಮಾನವೇನಿಲ್ಲ. ಏರುವಾಗ ಕಾಯಲು ಕಂಪ್ಯೂಟರಿದೆ. ಇಳಿಸುವಾಗ ಕಾಯುವವರು ನೀವೊಬ್ಬರೇ.