ಲಾರಿಯಲ್ಲಿ ಎಷ್ಟು ದನ? ಅಳತೆ ಇದೆ, ಅಳೆಯುವವರಿಲ್ಲ



ಕಳೆದ ಕಾರ್ಯಕಾರಿ ಸಮಿತಿ ಸಭೆ ಮುಗಿದು ಚಹಾ ಕುಡಿಯುವಾಗ ತಾಳವಾಡಿ ಕಡೆಯ ಸದಸ್ಯರೊಬ್ಬರು ತಾವು ಕಂಡದ್ದನ್ನು ಹೇಳಿದರು. ಸಂತೆಯಿಂದ ಹೊರಟ ಲಾರಿ ಘಟ್ಟದ ತಿರುವಿನಲ್ಲಿ ಕೆಟ್ಟು ನಿಂತಿತ್ತು. ಒಳಗೆ 17 ಎಮ್ಮೆ. ಎರಡು ಕೆಳಗೆ ಬಿದ್ದು ಉಳಿದವುಗಳ ಕಾಲಡಿ ಸಿಕ್ಕಿದ್ದವು. "ಇದಕ್ಕೆ ಕಾನೂನೇ ಇಲ್ಲವೇ ಸಾರ್?" ಎಂದು ಕೇಳಿದರು. ಕಡತ ತಿರುವಿ ಪಳಗಿದ ಕೈ ನಮ್ಮದು, ಹುಡುಕಿ ಓದಿದೆವು. ಕಾನೂನು ಇದೆ, ಒಂದಲ್ಲ ಎರಡು.

1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನ ಅಥವಾ ಎಮ್ಮೆ ಹಾಕುವಂತಿಲ್ಲ. ನೆಲ ಜಾರದಂತೆ ನಾರಿನ ಚಾಪೆಯೋ ಹಲಗೆಯೋ ಇರಬೇಕು, ನೋಡಿಕೊಳ್ಳಲು ಒಬ್ಬ ಆಳು ಇರಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು. 2015ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125ಇ ಸೇರಿತು. 2016ರ ಜನವರಿ 1ರಿಂದ ಪ್ರತಿ ಪ್ರಾಣಿಗೂ ಪ್ರತ್ಯೇಕ ಖಾನೆ ಕಡ್ಡಾಯ: ದನ, ಎಮ್ಮೆಗೆ 2 ಚದರ ಮೀಟರ್, ಕುರಿ, ಆಡಿಗೆ 0.3, ಹಂದಿಗೆ 0.6. ಕೋಳಿಗೆ 40 ಚದರ ಸೆಂಟಿಮೀಟರ್ ಎಂದಿದೆ. ಅದು ಅಂಗೈಗಿಂತ ಚಿಕ್ಕದು. ಬರೆದವರು ಕೋಳಿ ನೋಡಿದ್ದರೋ ಇಲ್ಲವೋ!

ಲೆಕ್ಕ ಹಾಕಿ ನೋಡೋಣ. 17 ಅಡಿ ಉದ್ದ, 7 ಅಡಿ ಅಗಲದ ಲಾರಿ ಎಂದರೆ ಸುಮಾರು 11 ಚದರ ಮೀಟರ್. ಹೊಸ ನಿಯಮದಂತೆ ಐದು ಎಮ್ಮೆ, ಹಳೆಯದರಂತೆ ಆರು. ತಪಾಸಣೆಗೆ ನಿಂತವರು ಯಾವುದನ್ನು ಹಿಡಿಯಬೇಕು?

ದಂಡದ ಕಥೆ ಇನ್ನೂ ವಿಚಿತ್ರ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಂಥ ಸಾಗಣೆಗೆ ಪೊಲೀಸರು ಈ ಕಲಮಿನಡಿ ವಾರಂಟ್ ಇಲ್ಲದೆ ಬಂಧಿಸುವಂತೆಯೂ ಇಲ್ಲ. ಅದೇ ಲಾರಿ ತೂಕ ಮೀರಿದರೆ, 2019ರ ತಿದ್ದುಪಡಿಯ ನಂತರ, 20,000 ರೂಪಾಯಿ; ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಆದರೆ 400 ಕಿಲೋ ತೂಗುವ 17 ಎಮ್ಮೆ ಸೇರಿದರೆ ಏಳು ಟನ್ನೂ ಆಗುವುದಿಲ್ಲ. ಹತ್ತು ಟನ್ ಹೊರುವ ಲಾರಿ ತೂಕದ ಕಟ್ಟೆಯನ್ನು ಸಲೀಸಾಗಿ ದಾಟುತ್ತದೆ. ಸಿಮೆಂಟ್ ಮೂಟೆಗೆ ಉಸಿರಾಡುವ ಜಾಗ ಬೇಡ, ಎಮ್ಮೆಗೆ ಬೇಕು. ತೂಕದ ಕಾನೂನಿಗೆ ಅದು ಕಾಣುವುದಿಲ್ಲ.

ಗೋಹತ್ಯೆಯ ವಾದವನ್ನು ಇಲ್ಲಿ ಎಳೆಯುತ್ತಿಲ್ಲ. ಅದು ಬೇರೆ ಜಗಳ, ನಮ್ಮ ಸದಸ್ಯರಲ್ಲೇ ಎರಡು ಅಭಿಪ್ರಾಯವಿದೆ. ಸಾಕಲು ಒಯ್ದರೂ ಕಡಿಯಲು ಒಯ್ದರೂ ದಾರಿಯಲ್ಲಿ ನಿಲ್ಲಲು ಜಾಗ ಬೇಕು. ಸರ್ಕಾರ ಅಳತೆಪಟ್ಟಿ ಹಿಡಿಯದ ಕಡೆ ದೊಣ್ಣೆ ಹಿಡಿದವರು ಲಾರಿ ನಿಲ್ಲಿಸುತ್ತಾರೆ. ಆಗ ಚಾಲಕನ ಹಲ್ಲು ಮುರಿಯುತ್ತದೆ, ಎಮ್ಮೆಗೆ ಒಂದು ಅಂಗುಲ ಜಾಗವೂ ಹೆಚ್ಚುವುದಿಲ್ಲ.

ಖರ್ಚಿನ ಮಾತನ್ನು ಮುಚ್ಚಿಡಬಾರದು. ಬಾಡಿಗೆ 12,000 ಎಂದಿಟ್ಟುಕೊಂಡರೆ 17 ಎಮ್ಮೆಗೆ ತಲಾ 700 ಚಿಲ್ಲರೆ, ಆರಕ್ಕಾದರೆ ತಲಾ 2,000. ಈ ವ್ಯತ್ಯಾಸವನ್ನು ವ್ಯಾಪಾರಿ ತನ್ನ ಕೈಯಿಂದ ಕೊಡುವುದಿಲ್ಲ, ಜತ್ತಿನ ಅಥವಾ ಮಡಕಶಿರಾದ ರೈತನ ಬೆಲೆಯಲ್ಲಿ ಮುರಿಯುತ್ತಾನೆ. ಒಂದು ರಾಜ್ಯ ಮಾತ್ರ ಬಿಗಿ ಮಾಡಿದರೆ ಲಾರಿ ಪಕ್ಕದ ರಾಜ್ಯದ ದಾರಿ ಹಿಡಿಯುತ್ತದೆ, ನಿಯಮ ಪಾಲಿಸುವವನು ನಷ್ಟಕ್ಕೆ ಬೀಳುತ್ತಾನೆ. ಗಡಿಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದ ಮೇಲೆ ಲಾರಿ ನಿಲ್ಲುವ ಜಾಗವೂ ಕಡಿಮೆಯಾಗಿದೆ.

ಆದ್ದರಿಂದ ಎಣಿಕೆ ಗಡಿಯಲ್ಲಲ್ಲ, ಸಂತೆಯ ಬಾಗಿಲಲ್ಲೇ ಆಗಬೇಕು ಎಂಬುದು ನಮ್ಮ ಅಭಿಪ್ರಾಯ. ಲಾರಿಯ ನೆಲ ಅಳೆದು "ದನ 5, ಕುರಿ 36" ಎಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಲಿ, ಬಸ್ಸಿನಲ್ಲಿ ಸೀಟಿನ ಸಂಖ್ಯೆ ಬರೆದಂತೆ. ಗಡಿ ತಾಲ್ಲೂಕುಗಳಲ್ಲಿ ಅದು ಕನ್ನಡದಲ್ಲೂ ಇರಲಿ. ದಂಡ ತಲೆಗೆ ಇಷ್ಟು ಎಂದಿರಲಿ, ಎಲ್ಲ ರಾಜ್ಯಕ್ಕೂ ಒಂದೇ. ಕೇಂದ್ರ ಸರ್ಕಾರ 2022ರಲ್ಲಿ ಕಾಯ್ದೆಯ ಕರಡು ತಿದ್ದುಪಡಿ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಗಡಿನಾಡಿನ ಸಂಘಗಳಾದ ನಾವು ಬರೆಯಲಿಲ್ಲ. ಅದು ನಮ್ಮದೇ ಆಲಸ್ಯ.

ಮುಂದಿನ ಸಭೆಯಲ್ಲಿ ಮನವಿಯ ಕರಡು ಮಂಡಿಸುತ್ತೇವೆ. ಸಂತೆಗೆ ದನ, ಕುರಿ ಒಯ್ಯುವ ಸದಸ್ಯರು ನಿಮ್ಮ ಊರಿನ ಲಾರಿ ಬಾಡಿಗೆ ಎಷ್ಟು, ಎಷ್ಟು ತಲೆ ತುಂಬಿಸುತ್ತಾರೆ ಎಂಬುದನ್ನು ಅದಕ್ಕೆ ಮೊದಲು ಬರೆದು ಕಳುಹಿಸಿ. ಅಕ್ಕಲಕೋಟೆ, ಆದೋನಿ ಕಡೆಯಿಂದ ಇನ್ನೂ ಒಂದು ಸಾಲೂ ಬಂದಿಲ್ಲ.

— ಕಾರ್ಯದರ್ಶಿ