ನರ್ಸ್ ಕೆಲಸ ಬಿಡೋ ಮುಂಚೆ ಒಂದು ಪತ್ರ: ಅದರ ಬೆಲೆ ಗೊತ್ತಾಗೋದು ಆಮೇಲೆ

ಹುಣಸೂರು: ಸಂಬಳ ಬಂದ ಮಾರನೇ ದಿನ ಫೋನ್ ಸ್ವಿಚ್ ಆಫ್. ನೈಟ್ ಡ್ಯೂಟಿಗೆ ಬರಬೇಕಿದ್ದ ಸಿಸ್ಟರ್ ಬಂದಿಲ್ಲ. ವಿಚಾರಿಸಿದರೆ 'ಮೈಸೂರಲ್ಲಿ ಸೇರ್ಕೊಂಡ್ರಂತೆ' ಅನ್ನೋ ಉತ್ತರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಯ ಸಣ್ಣ ನರ್ಸಿಂಗ್ ಹೋಂಗಳಿಗೆ ಇದೇನೂ ಹೊಸ ಕಥೆಯಲ್ಲ.

'ಕೆಲಸ ಕಲಿಸಿದ್ದು ನಾವು, ಒಂದು ಮಾತೂ ಹೇಳದೆ ಹೋದ್ರು' ಅಂತಾರೆ ಮಾಲೀಕರು. 'ಹೇಳಿದ್ರೆ ಬಿಡ್ತಿರಲಿಲ್ಲ, ಮಾರ್ಕ್ಸ್‌ಕಾರ್ಡ್ ಬೇರೆ ಇಟ್ಕೊಂಡಿದ್ರು' ಅಂತಾರೆ ಹೆಣ್ಣುಮಕ್ಕಳ ಮನೆಯವರು. ಇಬ್ಬರ ಮಾತಲ್ಲೂ ಸತ್ಯ ಇದೆ. ಆದರೆ ಕೊನೆಗೆ ಹೆಚ್ಚು ಕಳೆದುಕೊಳ್ಳೋದು ಹೇಳದೆ ಹೋದ ನರ್ಸೇ.

ಬಿಡೋದು ಯಾಕೆ?

ಮುಖ್ಯ ಕಾರಣ ಸಂಬಳ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸ್ಥಿತಿ ನೋಡಲು ಸಮಿತಿ ಮಾಡಿ ಅಂತ ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ಕೇಂದ್ರಕ್ಕೆ ಹೇಳಿತ್ತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. ಜಾರಿ ಹೊಣೆ ರಾಜ್ಯಗಳ ಮೇಲೆ ಬಿತ್ತು. ಶಿಫಾರಸು ಕಾಗದದಲ್ಲಿ ಉಳಿದ ಕಡೆ ಜನ ಬಸ್ ಹತ್ತೋದು ಸಹಜ. ಹೆಚ್ಚು ಸಂಬಳ ಹುಡುಕಿ ಹೋಗೋದು ತಪ್ಪಲ್ಲ, ದ್ರೋಹವಂತೂ ಅಲ್ಲವೇ ಅಲ್ಲ.

ಹೇಳದೆ ಹೋದರೆ ನಷ್ಟ ಏನು?

ದೊಡ್ಡ ಆಸ್ಪತ್ರೆಗಳು ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೇಳುತ್ತವೆ. ದುಬೈ, ಸೌದಿಗೆ ಹೋಗೋರಿಗೆ ಇನ್ನೂ ಬಿಗಿ. ಅಲ್ಲಿನ ಆರೋಗ್ಯ ಇಲಾಖೆಗಳ ಪರವಾಗಿ ಡೇಟಾಫ್ಲೋದಂಥ ಸಂಸ್ಥೆಗಳು ಹಳೇ ಆಸ್ಪತ್ರೆಯನ್ನೇ ನೇರವಾಗಿ ಸಂಪರ್ಕಿಸಿ, 'ಇವರು ಇಷ್ಟು ದಿನ ನಿಮ್ಮಲ್ಲಿ ಇದ್ದದ್ದು ನಿಜವೇ' ಅಂತ ಕೇಳುತ್ತವೆ. ಹೇಳದೆ ಬಿಟ್ಟು ಬಂದ ಜಾಗದಿಂದ ಒಳ್ಳೇ ಉತ್ತರ ಬರುತ್ತೆ ಅನ್ನೋ ಭರವಸೆ ಇರಲ್ಲ. ಎರಡು ವರ್ಷದ ದುಡಿಮೆ ಲೆಕ್ಕಕ್ಕೇ ಸಿಗದೆ ಹೋಗಬಹುದು.

ಬಾಂಡ್ ಬಗ್ಗೆ ಎಚ್ಚರ

'ಬಾಂಡ್‌ಗೆಲ್ಲ ಬೆಲೆ ಇಲ್ಲ' ಅನ್ನೋ ಮಾತು ಪೂರ್ತಿ ನಿಜವಲ್ಲ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನೋ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕ್, ನೇಮಕಾತಿಗೆ ದೊಡ್ಡ ಖರ್ಚಿದೆ ಅನ್ನೋದನ್ನೂ ಕೋರ್ಟ್ ಪರಿಗಣಿಸಿತ್ತು. ಹಾಗಂತ ಮಾಲೀಕರು ಬರೆದದ್ದೆಲ್ಲ ಊರ್ಜಿತ ಅಂತಲೂ ಅಲ್ಲ. ಕರಾರು ಕಾಯ್ದೆ ಪ್ರಕಾರ ಸಿಗೋದು ನ್ಯಾಯಯುತ ಪರಿಹಾರ ಮಾತ್ರ. ಸಹಿ ಹಾಕೋ ಮುಂಚೆ ಓದಿ. ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ, ಜೆರಾಕ್ಸ್ ಕೊಡಿ.

ಬಿಡೋದು ಹೇಗೆ?

1. ನೇಮಕಾತಿ ಪತ್ರ ತೆಗೆದು ನೋಟಿಸ್ ಪೀರಿಯಡ್ ಎಷ್ಟು ಅಂತ ನೋಡಿ. ಹೊಸ ಕಡೆ ಸೇರೋ ದಿನವನ್ನು ಅದಾದ ಮೇಲೆ ಇಟ್ಕೊಳ್ಳಿ.

2. ಮೊದಲು ಡಾಕ್ಟರ್ ಅಥವಾ ನರ್ಸಿಂಗ್ ಮೇಲ್ವಿಚಾರಕರಿಗೆ ಎದುರಾಎದುರು ಹೇಳಿ. ವಾಟ್ಸಾಪ್ ಮೆಸೇಜ್‌ನಲ್ಲಿ ಮುಗಿಸಬೇಡಿ.

3. ಪತ್ರ ನಾಲ್ಕು ಸಾಲು ಸಾಕು: ಹುದ್ದೆ, ಸೇರಿದ ದಿನ, ಕೊನೆಯ ದಿನ, ಬಿಡುಗಡೆ ಪತ್ರದ ಕೋರಿಕೆ, ಒಂದು ಧನ್ಯವಾದ. ದೂರು, ಸಿಟ್ಟು ಅದರಲ್ಲಿ ಬೇಡ. ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸ್ಕೊಳ್ಳಿ. ತಗೊಳ್ಳಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಕೊಳ್ಳಿ.

4. ಕೊನೆ ದಿನದವರೆಗೂ ಡ್ಯೂಟಿ ತಪ್ಪಿಸಬೇಡಿ. ವಾರ್ಡಿನ ರೋಗಿಗಳ ವಿವರ, ಔಷಧಿ ಸ್ಟಾಕ್, ಬೀಗದ ಕೈ ಎಲ್ಲ ಬರೆದು ಒಪ್ಪಿಸಿ.

5. ಬಾಕಿ ಹಣ ಕೇಳಿ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಪ್ರಕಾರ, ರಾಜೀನಾಮೆ ಕೊಟ್ಟವರ ಸಂಬಳ ಬಾಕಿಯನ್ನು ಎರಡು ಕೆಲಸದ ದಿನದಲ್ಲಿ ಕೊಡಬೇಕು. ಪಿಎಫ್ ಇದ್ದರೆ ಬಿಟ್ಟ ದಿನಾಂಕ ಹಾಕಿಸಿ. ಹತ್ತು ಜನರಿಗಿಂತ ಕಡಿಮೆ ಇಲ್ಲದ ಕಡೆ ಐದು ವರ್ಷ ದುಡಿದಿದ್ದರೆ ಗ್ರಾಚ್ಯುಟಿಯೂ ನಿಮ್ಮ ಹಕ್ಕು.

ಸರ್ಕಾರಿ ಆಸ್ಪತ್ರೆಯ ಕಾಯಂ ನೌಕರರು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವಾಗ ಅನುಮತಿ ಪಡೆದೇ ಬಿಡಬೇಕು. ಸುಮ್ಮನೆ ರಾಜೀನಾಮೆ ಬರೆದರೆ ಹಿಂದಿನ ಸೇವೆಯೇ ಲೆಕ್ಕದಿಂದ ಹೋಗುತ್ತೆ.

ಸರ್ಟಿಫಿಕೇಟ್ ಕೊಡದೆ ಸತಾಯಿಸಿದರೆ ಮೊದಲು ಬರವಣಿಗೆಯಲ್ಲಿ ಕೇಳಿ. ಆಮೇಲೆ ಕಾರ್ಮಿಕ ಇಲಾಖೆ, ಇಲ್ಲವೇ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ.

ಮಾಲೀಕರಿಗೂ ಒಂದು ಮಾತು. ಸರ್ಟಿಫಿಕೇಟ್ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಸಿಸ್ಟರ್ ಉಳಿಯಲ್ಲ, ರಾತ್ರೋರಾತ್ರಿ ಹೋಗ್ತಾರೆ ಅಷ್ಟೇ. ಹೇಳಿ ಹೋಗೋಕೆ ದಾರಿ ಬಿಟ್ಟರೆ ಬೇರೆಯವರನ್ನು ಹುಡುಕೋಕೆ ಒಂದು ತಿಂಗಳಾದರೂ ಸಿಗುತ್ತೆ. ಡಿ.ಬಿ. ಕುಪ್ಪೆ ಕಡೆಯಿಂದ ಹೆರಿಗೆಗೆ ಅಂತ ಅಷ್ಟು ದೂರ ಬರೋ ಹೆಣ್ಣುಮಗಳಿಗೆ ಇವರಿಬ್ಬರ ಜಗಳ ಬೇಕಿಲ್ಲ. ಅವರಿಗೆ ಬೇಕಿರೋದು ಆ ರಾತ್ರಿ ವಾರ್ಡಲ್ಲಿ ಒಬ್ಬ ಸಿಸ್ಟರ್.